ಪಂಚಮಿಗೆ ಬಂದ ಅಕ್ಕನ ಪುಸ್ತಕಗಳು

ಮಂಗಳವೇಢೆಯಿಂದ ಈ ವರ್ಷದ ಜೋಳ ಬಂದಿತ್ತು. ಡಬ್ಬಿಯ ತಳದಲ್ಲಿ ಹಳೆಯ ಜೋಳ ಸ್ವಲ್ಪ ಉಳಿದಿತ್ತು. ಅದನ್ನು ಬೇರೆ ತೆಗೆದು ಡಬ್ಬಿ ಒರೆಸೋಣವೆಂದು ಬಗ್ಗಿ ಮುಚ್ಚಳ ತೆಗೆದೆ. ಒಣಗಿದ ಬೇವಿನೆಲೆಯ ವಾಸನೆ ಮೂಗಿಗೆ ಬಡಿಯಿತು. ಕಹಿ ಎನ್ನಲೂ ಬಾರದು, ಕಂಪು ಎನ್ನಲೂ ಬಾರದು... ಬಿಸಿಲುಂಡ ಹಸಿರು, ಅದರ ಜೊತೆಗೆ ಒಂದಿಷ್ಟು ಧೂಳು. ಹುಳ ಬೀಳದಿರಲೆಂದು ನಾನೇ ಹಾಕಿದ ಎಲೆ. ಪ್ರತಿ ವರ್ಷವೂ ಹಾಕುತ್ತೇನೆ, ಪ್ರತಿ ವರ್ಷವೂ ತೆಗೆದು ಎಸೆಯುತ್ತೇನೆ. ಆದರೆ ಈ ಸಲ ಡಬ್ಬಿಯ ಮುಂದೆ ಹಾಗೆಯೇ ಕುಳಿತುಬಿಟ್ಟೆ.

ಕಾರಣ, ಹಿಂದಿನ ದಿನ ನನ್ನ ತಮ್ಮನ ಮಗಳು ಮಾಡಿದ್ದ ಫೋನು. ಅವಳೂ ಸೋಲಾಪುರದಲ್ಲೇ ಇದ್ದಾಳೆ. ಅವಳ ಮಗಳಿಗೆ ಈಗ ಒಂಬತ್ತು ವರ್ಷ.

"ಅತ್ತೀ, ನಮ್ಮ ಹುಡುಗಿ ಸಿಕ್ಕಿದ್ದೆಲ್ಲಾ ಓದಾಕತ್ತ್ಯಾಳ. ಜುನ್ಯಾ, ಹಳೀ ಕಾಲದ್ದು, ಸಣ್ಣ ಹುಡುಗ್ರು ಓದಲೇಬೇಕು ಅನ್ನೂವಂಥಾ ಪುಸ್ತಕಾ ಯಾವ್ಯಾವ ಅವ? ನೀ ಬಾಳ ಓದೀದಿ, ಸ್ವಲ್ಪ ಹೇಳಲಾ."

ನೋಡಿ ಹೇಳ್ತೀನಿ ಎಂದು ಫೋನು ಇಟ್ಟಿದ್ದೆ.  ಬೇವಿನ ವಾಸನೆ ಬಂದ ಕೂಡಲೇ, ಈ ಪ್ರಶ್ನೆಯನ್ನು ನಿಜವಾಗಿ ಯಾರಿಗೆ ಕೇಳಬೇಕಿತ್ತು ಎಂಬುದು ಹೊಳೆಯಿತು. ಅಕ್ಕನ ಪುಸ್ತಕದ ಟ್ರಂಕಿನಲ್ಲಿ ಹೀಗೆಯೇ ಬೇವಿನ ಎಲೆ ಇರುತ್ತಿತ್ತು. ಪುಟ ತಿರುವಿದರೆ ಒಣಗಿದ ಎಲೆಯ ಪುಡಿ ಮಡಿಲಿಗೆ ಉದುರುತ್ತಿತ್ತು...

ನಾವು ಮೂಲತಃ ತಡವಳದವರು. ಅಪ್ಪನಿಗೆ ಅಕ್ಕಲಕೋಟದ ಕಚೇರಿಯಲ್ಲಿ ಕಾರಕೂನನ ಕೆಲಸ ಸಿಕ್ಕಾಗ ಊರು ಬಿಟ್ಟು ಬಂದು ಒಂದು ವಾಡೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದೆವು. ನಡುವೆ ಅಂಗಳ, ಸುತ್ತ ಪಡಸಾಲೆ, ಅದರ ಹಿಂದೆ ಕತ್ತಲ ಕೋಣೆಗಳು. ಬೀದಿಗೆ ಒಂದು ಕಿಟಕಿಯೂ ಇರಲಿಲ್ಲ. ಮೊಳೆ ಬಡಿದ ದೊಡ್ಡ ಬಾಗಿಲು ಸದಾ ಮುಚ್ಚಿಯೇ ಇರುತ್ತಿತ್ತು. ಅದರೊಳಗೆ ಕೊರೆದ ದಿಡ್ಡಿ ಬಾಗಿಲಿನಲ್ಲಿ ಎಲ್ಲರೂ ತಲೆ ಬಗ್ಗಿಸಿ ಓಡಾಡಬೇಕು. ಗುರುವಾರ ಬಂತೆಂದರೆ ಹೊರಗೆ ಸ್ವಾಮಿಯ ದರ್ಶನಕ್ಕೆ ಬಂದ ಯಾತ್ರಿಕರ ಗದ್ದಲ, ಟಾಂಗಾದವರ ಕೂಗು. ಒಳಗಿದ್ದವರಿಗೆ ಅದೆಲ್ಲ ಬರೀ ಸದ್ದು.

ವಾಡೆಯ ಮಾಲಕರಿಗೆ ಒಬ್ಬ ತಂಗಿ ಇದ್ದಳು. ನಾನು ಅವಳನ್ನು ಅಕ್ಕ ಎಂದೇ ಕರೆದೆ. ಮಂಗಳವೇಢೆಯ ಹತ್ತಿರದ ಒಂದು ಹಳ್ಳಿಗೆ, ಹೊಲ ಮನೆ ಇದ್ದ ಒಳ್ಳೆಯ ಕುಳಕ್ಕೇ ಕೊಟ್ಟಿದ್ದರು. ನಾವು ಬರುವ ಹಿಂದಿನ ವರ್ಷ ಮಾಲಕನಾದ ಅವಳ ಅಣ್ಣ ಹೋಗಿ ಅವಳನ್ನು ಪಂಚಮಿ ಹಬ್ಬಕ್ಕೆ ಕರೆತಂದಿದ್ದ. ಹಬ್ಬ ಮುಗಿಯಿತು, ಜೋಕಾಲಿಯ ಹಗ್ಗ ಬಿಚ್ಚಿದರು, ಆದರೆ ಅವಳನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ದಸರೆಗೆ ಬಂದಾರು ಎಂದರು, ದೀಪಾವಳಿಗೆ ಬಂದಾರು ಎಂದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮನೆಗೆ ತಂದ ಸುದ್ದಿ ಬಂತೇ ಹೊರತು ಗಾಡಿ ಬರಲಿಲ್ಲ.

ಅಣ್ಣ ಕೆಟ್ಟವನಲ್ಲ. ತಂಗಿಯ ಮೇಲೆ ಕೈ ಎತ್ತಿದವನಲ್ಲ, ಊಟಕ್ಕೆ ಕಡಿಮೆ ಮಾಡಿದವನಲ್ಲ. ಅವನ ಲೆಕ್ಕ ಒಂದೇ. ಅವಳು ತವರಿನಲ್ಲಿ ಸುಮ್ಮನೆ ಕುಳಿತಿದ್ದರೆ ಇವತ್ತಲ್ಲ ನಾಳೆ ಅವರು ಬಂದು ಕರೆದೊಯ್ಯಬೇಕಾಗುತ್ತದೆ. ಅವಳು ಹೊರಗೆ ತಿರುಗಿದರೆ, ಏನಾದರೂ ಕೆಲಸ ಹಿಡಿದರೆ, "ಅವಳೇ ಬಿಟ್ಟು ಹೋದಳು" ಎನ್ನಲು ಅವರಿಗೆ ನೆಪ ಸಿಗುತ್ತದೆ. ಹಾಗಾಗಿ ಅವಳ ಕೆಲಸ ಕಾಯುವುದು. ದಿಡ್ಡಿ ಬಾಗಿಲಿಗೆ ಅಗಳಿ ಹಾಕಿರಲಿಲ್ಲ, ಆದರೂ ಅವಳು ದಾಟುತ್ತಿರಲಿಲ್ಲ.

ಅವಳ ಕಣ್ಣಿಗೆ ನಾನು ಬಿದ್ದದ್ದು ಬೆಲ್ಲ ಕಟ್ಟಿಕೊಟ್ಟ ಕಾಗದ ಓದುತ್ತಿದ್ದಾಗ. ಯಾವುದೋ ಮರಾಠಿ ಮಾಸಿಕದ ಹರಿದ ಹಾಳೆ. ಪಡಸಾಲೆಯ ಕಂಬಕ್ಕೆ ಒರಗಿ ಗಟ್ಟಿಯಾಗಿ ಓದುತ್ತಿದ್ದೆ. ಅಕ್ಕ ಮೊರದಲ್ಲಿ ಕಾಳು ಕೇರುತ್ತಿದ್ದವಳು ಕೈ ನಿಲ್ಲಿಸಿದಳು.

"ಮುಂದಿನ ಹಾಳಿ ಎಲ್ಲಿ ಅದ ಪೋರೀ?"

"ಇಲ್ರಿ. ಇಷ್ಟs ಬಂದದ."

"ಹಂಗಾದ್ರ ಆ ಮುದುಕಿ ನದಿ ದಾಟಿದಳೋ ಇಲ್ಲೋ, ಹೆಂಗ ತಿಳೀಬೇಕು?"

ಮೊರ ಬದಿಗಿಟ್ಟು ನನ್ನನ್ನು ತನ್ನ ಕೋಣೆಗೆ ಕರೆದುಕೊಂಡು ಹೋದಳು. ಹಾಸಿಗೆಗಳನ್ನು ಪೇರಿಸಿಟ್ಟ ಟ್ರಂಕಿನ ಮುಚ್ಚಳ ಎತ್ತಿದಳು. ಮಕ್ಕಳ ಪುಸ್ತಕಗಳು! ಸಣ್ಣವು, ದಪ್ಪವು, ಬಣ್ಣ ಮಾಸಿದವು... ಅವಳು ಚಿಕ್ಕಂದಿನಲ್ಲಿ ಬೆಳೆದದ್ದು ವಿಜಯಪುರದ ಸೋದರಮಾವನ ಮನೆಯಲ್ಲಿ. ಅವನದು ಶಾಲೆಯ ಪುಸ್ತಕದ ಅಂಗಡಿ. ಮಾರಾಟವಾಗದೆ ಉಳಿದ ಕತೆ ಪುಸ್ತಕಗಳೆಲ್ಲ ಸೋದರಸೊಸೆಯಾದ ಅಕ್ಕನ ಪಾಲಾಗಿದ್ದವು. ಮದುವೆಯಲ್ಲಿ ಗಂಡನ ಮನೆಗೆ ಟ್ರಂಕು ಒಯ್ಯುವುದು ಬೇಡವೆಂದು ಅಣ್ಣ ತವರಿನಲ್ಲೇ ಇರಿಸಿಕೊಂಡಿದ್ದನಂತೆ.

ಎಲ್ಲವೂ ಕನ್ನಡ. ನಾನು ಮರಾಠಿ ಶಾಲೆಯ ಹುಡುಗಿ. ಮನೆಯಲ್ಲಿ ಆಡುವ ಮಾತಿಗೆ ಒಂದು ಲಿಪಿ ಇದೆ ಎಂಬುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅಳುಮುಖ ಮಾಡಿದೆ. ಅಕ್ಕ ನಕ್ಕಳು.

"ಅಂಜಬ್ಯಾಡ. ಅಕ್ಷರದ ಅಂಗಿ ಅಷ್ಟs ಬ್ಯಾರೆ. ಒಳಗಿನ ಮನಷಾ ಅವನs."

ಮಳೆಗಾಲ ಮುಗಿಯುವಷ್ಟರಲ್ಲಿ ನಾನು ಕನ್ನಡ ಓದುತ್ತಿದ್ದೆ. ಹೀಗೆ ನನ್ನ ತಾಯಿನುಡಿಯನ್ನು ನನಗೆ ಓದಲು ಕೊಟ್ಟವಳು ಅವಳು.

ಅವಳು ಪುಸ್ತಕ ಕೊಡುವ ರೀತಿಯೇ ಬೇರೆ. ಟ್ರಂಕಿಗೆ ಕೈ ಹಾಕಲು ಬಿಡುತ್ತಿರಲಿಲ್ಲ. ಮೊದಲು ಎದುರು ಕೂರಿಸಿಕೊಂಡು ಕೇಳುತ್ತಿದ್ದಳು: ಇವತ್ತು ಸಾಲಿಯಾಗ ಏನಾತು, ಯಾರ ಮ್ಯಾಲ ಸಿಟ್ಟದ, ಹೊಟ್ಟಿ ತುಂಬ ಉಂಡೀಯೋ ಇಲ್ಲೋ. ನಾನು ಗೆಳತಿಯೊಂದಿಗೆ ಜಗಳವಾಡಿ ಬಂದ ದಿನ, ಯುದ್ಧಕ್ಕೆ ಹೋಗಲು ಒಪ್ಪದೆ ಊರ ನಡುವೆ ಮಲಗಿಬಿಟ್ಟ ಆನೆಯ ಕತೆ ಕೊಟ್ಟಳು. ಜ್ವರ ಬಂದು ಮಲಗಿದಾಗ ಹಿಂಡು ತಪ್ಪಿದ ಕೊಕ್ಕರೆಯ ಕತೆ. ಒಂದು ದಪ್ಪನೆಯ ಪುಸ್ತಕವಿತ್ತು, ಹಿಮದಲ್ಲಿ ಹಡಗು ಸಿಕ್ಕಿಬಿದ್ದವರ ಕತೆ. ಅದನ್ನು ಎಷ್ಟು ಬೇಡಿದರೂ ಕೊಡಲಿಲ್ಲ.

"ನನಗ ಹತ್ತು ಮುಗೀತ್ರಿ ಅಕ್ಕಾ, ಈಗ ಕೊಡ್ರಿ," ಎಂದು ಹಟ ಹಿಡಿದೆ.

"ಚಪ್ಪಲ್ ಕೊಡೂವಾಗ ವಯಸ್ಸು ಕೇಳ್ತಾರೇನ? ಪಾದಾ ನೋಡ್ತಾರ. ನೀ ಇನ್ನೂ ಅಂಗಳದ ತುಂಬ ಓಡ್ಯಾಡಾಕಿ. ಒಂದs ಕಡೆ ಸಿಕ್ಕಿ ಬಿದ್ದವರ ಕತಿ ನಿನಗ ಈಗ ತಿಳಿಯಂಗಿಲ್ಲ."

ಹಾಗೆಂದು ಪುಸ್ತಕವನ್ನು ಟ್ರಂಕಿನ ತಳಕ್ಕೆ ತಳ್ಳಿದಳು. ಅದನ್ನು ಅವಳು ಮತ್ತೆ ಮತ್ತೆ ಓದುತ್ತಿದ್ದಳು ಎಂದು ಅದರ ಮೂಲೆಗಳನ್ನು ನೋಡಿದರೇ ಗೊತ್ತಾಗುತ್ತಿತ್ತು.

ಅವಳಿಗಾಗಿ ಒಂದು ಬಾಗಿಲು ತೆರೆಯಲು ನೋಡಿದ್ದು ನನ್ನ ಅವ್ವ. ಅವ್ವ ಹೆಚ್ಚು ಓದಿದವಳಲ್ಲ, ಆದರೆ ಕಣ್ಣೆದುರಿಗೆ ಒಂದು ಜೀವ ಬಾಡುವುದು ಅವಳಿಗೆ ನೋಡಲಾಗುತ್ತಿರಲಿಲ್ಲ. ಸೋಲಾಪುರದಲ್ಲಿ ಮಕ್ಕಳ ವಾಚನಾಲಯವೊಂದಕ್ಕೆ ಪುಸ್ತಕ ನೋಡಿಕೊಳ್ಳುವ ಹೆಂಗಸು ಬೇಕಾಗಿದ್ದಾಳೆ, ಕನ್ನಡವೂ ಬಂದರೆ ಒಳ್ಳೆಯದು ಎಂದು ಅಪ್ಪನ ಕಚೇರಿಯಲ್ಲಿ ಯಾರೋ ಆಡಿದ ಮಾತು ಅವಳ ಕಿವಿಗೆ ಬಿತ್ತು. ಮರುದಿನವೇ ಮಾಲಕರ ಮುಂದೆ ನಿಂತಳು.

"ಅಣ್ಣಾರ, ಹುಡುಗಿ ಕಣ್ಣು ತೋರಸಾಕ ಸೋಲಾಪುರಕ್ಕ ಹೊಂಟೀನಿ. ನನಗ ಅಲ್ಲಿ ದಾರಿ ಗೊತ್ತಿಲ್ಲ. ತಂಗೀನ ಸಂಗಾಟ ಕಳಸ್ರಿ, ಸಂಜಿಗೆ ಬಂದಬಿಡ್ತೀವಿ."

ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕುಳಿತಳು.  ಎರಡೂ ಕಡೆ ಬೋಳು ಹೊಲ, ಅಲ್ಲೊಂದು ಇಲ್ಲೊಂದು ಜಾಲಿ, ಊರು ಹತ್ತಿರವಾದಂತೆ ಮಗ್ಗದ ಶೆಡ್ಡುಗಳು. ನೋಡುವಂಥದ್ದೇನೂ ಇರಲಿಲ್ಲ, ಆದರೂ ಅವಳು ಕಣ್ಣು ಕೀಳದೆ ನೋಡಿದಳು.

ವಾಚನಾಲಯ ಎಂದರೆ ಒಂದು ಹಳೆಯ ಮನೆಯ ಮೇಲಿನ ಹಾಲು. ಕಾರ್ಯದರ್ಶಿಯಾಗಿದ್ದವರು ಬಿಳಿ ಸೀರೆಯ ಒಬ್ಬ ವಯಸ್ಸಾದ ಹೆಂಗಸು; ಮರಾಠಿ ರೂಢಿಯಂತೆ ಎಲ್ಲರೂ ಅವರನ್ನು ಬಾಯಿ ಎಂದು ಕರೆಯುತ್ತಿದ್ದರು. ಅವರು ಮರಾಠಿಯಲ್ಲಿ ಕೇಳುತ್ತಾ ಹೋದರು. ಅಕ್ಕನ ಮರಾಠಿ ನಮ್ಮೆಲ್ಲರಂತೆಯೇ, ಅರ್ಧ ಕನ್ನಡ ಬೆರೆತದ್ದು. ಓದೆಷ್ಟು, ಊರು ಯಾವುದು, ದಿನಾ ಬಂದು ಹೋಗುವುದು ಹೇಗೆ ಎಂದೆಲ್ಲ ಕೇಳಿದ ಮೇಲೆ ಅವರು ಕನ್ನಡಕ ತೆಗೆದಿಟ್ಟು, "ಒಂದು ಮಗು ಬಂದು, ಬಾಯಿ, ಏನಾದರೂ ಛಲೋ ಪುಸ್ತಕ ಕೊಡ್ರಿ ಅಂದರೆ ಏನು ಕೊಡುತ್ತೀ?" ಎಂದರು.

ಅಕ್ಕ ಸುತ್ತಲಿನ ಕಪಾಟುಗಳನ್ನು ಒಮ್ಮೆ ನೋಡಿದಳು. "ಮೊದಲು, ಯಾವ ಪುಸ್ತಕ ಅರ್ಧಕ್ಕೆ ಬಿಟ್ಟೆ ಎಂದು ಕೇಳುತ್ತೇನೆ," ಎಂದಳು. "ಇಷ್ಟವಾದದ್ದು ಯಾವುದು ಎಂದು ಕೇಳಿದರೆ ಮಕ್ಕಳು ಮಾಸ್ತರರು ಹೇಳಿಕೊಟ್ಟ ಹೆಸರು ಹೇಳುತ್ತಾರೆ. ಬಿಟ್ಟದ್ದು ಯಾಕೆ ಬಿಟ್ಟರು ಎಂದು ಹೇಳುವಾಗ ಮಾತ್ರ ನಿಜ ಹೇಳುತ್ತಾರೆ."

ಅವರು ಜೋರಾಗಿ ನಕ್ಕರು. ತಾವೇ ಎದ್ದು ಹೋಗಿ ಚಹಾ ತರಿಸಿದರು. ಮುಂದಿನ ತಿಂಗಳ ಮೊದಲ ದಿನದಿಂದ ಬಾ ಎಂದರು.

ಬರುವಾಗ ಬಸ್ಸಿನಲ್ಲಿ ಅಕ್ಕನ ಬಾಯಿ ನಿಲ್ಲಲಿಲ್ಲ. ಗಿಡ್ಡ ಹುಡುಗರಿಗೆ ಎಟುಕದಂತೆ ಪುಸ್ತಕ ಮೇಲಿಟ್ಟಿದ್ದಾರೆ, ಮೊದಲು ಅವನ್ನು ಕೆಳಗಿಳಿಸಬೇಕು. ಕನ್ನಡದ ಕಪಾಟಿಗೆ ಧೂಳು ಹಿಡಿದಿದೆ, ಬೇವಿನ ಸೊಪ್ಪು ಒಯ್ಯಬೇಕು... ಅವ್ವ ನಗುತ್ತಾ ಕೇಳುತ್ತಿದ್ದಳು. ಅಕ್ಕ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ.

ಕೆಲಸದ ವಿಷಯ ಹೇಳಿದಾಗ ಅಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತೇನೋ. ಸಮಾಧಾನದಿಂದಲೇ ಹೇಳಿದ. "ಕೆಲಸಾ ಛಲೋನ ಅದ. ನಾ ಇಲ್ಲ ಅನ್ನಂಗಿಲ್ಲ. ಆದ್ರ ನೀ ನೌಕರಿಗೆ ಹೊಂಟಿ ಅಂದ್ರ ಆ ಮಂದಿ ಮ್ಯಾಲ ನಮ್ದೇನೂ ಹಕ್ಕ ಉಳಿಯಂಗಿಲ್ಲ. ಒಂದು ಪಂಚಮಿ ತಡಿ."

"ಇನ್ನ ಎಷ್ಟು ಪಂಚಮಿ ಅಣ್ಣಾ?"



ತಿಂಗಳ ಮೊದಲ ದಿನ ಬಂತು. ಅಕ್ಕ ಬೆಳಿಗ್ಗೆಯೇ ಸ್ನಾನ ಮಾಡಿ, ಊರಿಗೆ ಹೋಗುವಾಗ ಉಡುವ ಹಸಿರು ಇಳಕಲ್ ಸೀರೆ ಉಟ್ಟು, ಚೀಲದಲ್ಲಿ ಬುತ್ತಿ ಕಟ್ಟಿಕೊಂಡು ದಿಡ್ಡಿ ಬಾಗಿಲ ಹತ್ತಿರ ಬಂದಳು. ಅಣ್ಣ ಪಡಸಾಲೆಯಲ್ಲಿ ಕುಳಿತಿದ್ದ. ಎದ್ದು ಅಡ್ಡ ಬರಲಿಲ್ಲ. ಕುಳಿತಲ್ಲಿಂದಲೇ ಹೇಳಿದ.

"ಹೋಗು. ನಾ ತಡಿಯಂಗಿಲ್ಲ. ಆದ್ರ ನಾಳೆ ಅವರು ಬಂದು 'ಎಲ್ಲಿ ಅದಾಳ' ಅಂತ ಕೇಳಿದ್ರ, ನಂಗೊತ್ತಿಲ್ಲ ಅಂತೀನಿ. ಆಮ್ಯಾಲ ನನಗ ಏನೂ ಕೇಳಬ್ಯಾಡ."

ಅಕ್ಕ ಹೊಸ್ತಿಲ ಮೇಲೆ ನಿಂತಳು. ನಾನೂ ಅವ್ವನೂ ನಮ್ಮ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಅವ್ವ ನನ್ನ ಭುಜವನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ನೋಯುತ್ತಿತ್ತು. ಹೋಗವ್ವಾ, ಹೋಗು... ಎಂದು ಅವಳು ಉಸಿರಿನಲ್ಲೇ ಅನ್ನುತ್ತಿದ್ದಳು. ಅಕ್ಕ ಒಂದು ಕೈಯಿಂದ ಚೌಕಟ್ಟು ಹಿಡಿದು, ತಲೆ ಬಗ್ಗಿಸಿ, ಹೊರಗಿನ ಬೀದಿಯನ್ನು ನೋಡಿದಳು. ಆಮೇಲೆ ಬಗ್ಗಿದ ಹಾಗೆಯೇ ಚಪ್ಪಲಿ ಬಿಟ್ಟಳು. ಒಳಗೆ ಬಂದು ಸೀರೆ ಬದಲಿಸಿ ಒಲೆಯ ಮುಂದೆ ಕುಳಿತಳು. ಆ ದಿನದ ಬುತ್ತಿಯನ್ನು ಯಾರು ತಿಂದರೋ ನನಗೆ ಗೊತ್ತಿಲ್ಲ.

ಗಂಡನ ಮನೆಯವರು ಬಂದದ್ದು ಆ ವರ್ಷದ ಚಳಿಗಾಲದಲ್ಲಿ. ದೊಡ್ಡ ಬಾಗಿಲಿನೆದುರು ಜೀಪು ನಿಂತಿತು. ಅಣ್ಣನ ಮುಖ ಅರಳಿದ್ದನ್ನು ಈಗಲೂ ನೆನೆಯಬಲ್ಲೆ. ಬರ್ರಿ ಪಾವಣ್ಯಾರ, ಬರ್ರಿ ಎಂದು ತಂಬಿಗೆಯಲ್ಲಿ ನೀರು ಹಿಡಿದು ಓಡಾಡಿದ. ವಿಷಯ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಅಕ್ಕನ ಅತ್ತೆಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಎರಡನೆಯವಳು ಕೈಗೂಸಿನ ತಾಯಿ, ಅವಳಿಂದ ಆಗುತ್ತಿರಲಿಲ್ಲ. ನೋಡಿಕೊಳ್ಳಲು ಮನೆಯ ಹೆಣ್ಣೇ ಬೇಕು ಎಂದು ಗಂಡ ಹೇಳಿದ. ತಲೆ ತಗ್ಗಿಸಿಕೊಂಡೇ ಹೇಳಿದ, ಅದೊಂದು ನಿಜ.

ಅಕ್ಕನನ್ನು ಯಾರೂ ಕೇಳಲಿಲ್ಲ.  ಅವಳು ಬಟ್ಟೆಯ ಗಂಟು ಕಟ್ಟಿದಳು. ಕೌದಿಯ ಮಡಿಕೆಯಲ್ಲಿ ಕೆಲವು ಪುಸ್ತಕ ಸೇರಿಸಿದಳು, ಹಿಮದ ಹಡಗಿನದೂ ಅದರಲ್ಲಿತ್ತು. ಉಳಿದ ಟ್ರಂಕನ್ನು ಎಳೆದುಕೊಂಡು ಬಂದು ನಮ್ಮ ಕೋಣೆಯಲ್ಲಿ ಇಟ್ಟಳು.

"ಯಾವ್ದರ ನಂತರ ಯಾವ್ದು ಓದಬೇಕು ಅಂತ ಹೇಳಾಕ ನಾ ಇರಂಗಿಲ್ಲ ಪೋರೀ. ಇನ್ನ ನೀನs ನೋಡ್ಕೋ."

ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ. ದಿಡ್ಡಿ ಬಾಗಿಲು ದಾಟುವಾಗ ತಲೆ ಬಗ್ಗಿಸಿದಳು, ಜೀಪಿಗೆ ಹತ್ತುವವರೆಗೂ ಎತ್ತಲಿಲ್ಲ.

ಮುಂದೆ ನಾನು ಸೋಲಾಪುರದ ಕಾಲೇಜಿಗೆ ಸೇರಿದೆ. ಅಪ್ಪನಿಗೂ ಅಲ್ಲಿಗೇ ಬದಲಿಯಾಯಿತು, ವಾಡೆ ಬಿಟ್ಟೆವು. ಒಂದು ಬೇಸಿಗೆ, ಮಂಗಳವೇಢೆಯಲ್ಲಿ ನೆಂಟರ ಮದುವೆ ಬಂತು. ಮದುವೆ ಮುಗಿದ ಮೇಲೆ ಅವ್ವನನ್ನು ಕಾಡಿ ಬೇಡಿ ಅಕ್ಕನ ಹಳ್ಳಿಯ ಬಸ್ಸು ಹತ್ತಿಸಿದೆ.

ಒಳಕೋಣೆಯಲ್ಲಿ ಹೊರಸಿನ ಮೇಲೆ ಮುದುಕಿ ಮಲಗಿದ್ದಳು. ಒಂದು ಕಡೆಯ ಕೈಕಾಲು ಸತ್ತಿದ್ದವು. ನೆಟ್ಟಗಿದ್ದ ಕೈಯಲ್ಲಿ ಅಕ್ಕನ ಸೆರಗು ಹಿಡಿದುಕೊಂಡಿದ್ದಳು. ಅಕ್ಕ ಪಕ್ಕದಲ್ಲಿ ಕುಳಿತು ಓದುತ್ತಿದ್ದಳು. ನಮ್ಮನ್ನು ನೋಡಿ ಏಳಲು ಹೋದಳು, ಸೆರಗು ಜಗ್ಗಿತು, ಹಾಗೆಯೇ ಕುಳಿತಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನಗು ಮಾತ್ರ ಹಾಗೆಯೇ ಇತ್ತು.

ಮೊದಮೊದಲು ಮುದುಕಿ ಬೈಗುಳ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲವಂತೆ. ಮಧ್ಯಾಹ್ನ ತೂಕಡಿಕೆ ಬಾರದಿರಲೆಂದು ಅಕ್ಕ ತನ್ನಷ್ಟಕ್ಕೆ ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು. ಒಂದು ದಿನ ಹೊರಸಿನಿಂದ ದನಿ ಬಂತು: "ಏನ ವಟಾವಟಾ ಅನ್ನಾಕತ್ತಿ? ಓದೂದಿದ್ರ ಜೋರ ಓದು." ಅಂದಿನಿಂದ ಹಿಡಿದುಕೊಂಡ ಸೆರಗು...

"ಕತಿ ಮುಗೀತಂದ್ರ ಊಟಾ ಬಿಡ್ತಾರ," ಎಂದಳು ಅಕ್ಕ. "ಅದಕ್ಕ ಒಂದು ಮುಗಿಯೂಕಿಂತ ಮೊದಲs ಇನ್ನೊಂದು ಸುರು ಮಾಡ್ತೀನಿ."

"ನಿಮಗ ತ್ರಾಸ ಆಗಂಗಿಲ್ಲೇನ್ರಿ ಅಕ್ಕಾ?"

"ಆಗ್ತದ. ಆದ್ರ ಓದೂವಾಗ ನನಗ ಯಾರೂ ನೀರು ತಾ, ಒಲಿ ಹಚ್ಚು ಅನ್ನಂಗಿಲ್ಲ."

ತಂದ ಪುಸ್ತಕಗಳೆಲ್ಲ ಮುಗಿದಿದ್ದವು. ಎರಡನೆಯ ಸಲವೂ ಮುಗಿದಿದ್ದವು. ಅಕ್ಕ ನನ್ನ ಕಡೆ ತಿರುಗಿ, "ಇವರಿಗೆ ಮುಂದ ಯಾವ್ದು ಓದ್ಲಿ, ನೀ ಹೇಳು," ಎಂದಳು. ಜೀವನದಲ್ಲಿ ಮೊದಲ ಸಲ ಅವಳು ನನ್ನನ್ನು ಕೇಳುತ್ತಿದ್ದಳು. ನಾನು ಮುದುಕಿಯ ಹತ್ತಿರ ಬಗ್ಗಿ, "ಅಮ್ಮಾ, ಯಾವ ಕತಿ ಅರ್ಧಕ್ಕ ನಿಲ್ಲಸಂದ್ರಿ?" ಎಂದೆ. ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

"ರಾಜಾ ರಾಣಿದು," ಎಂದಳು ಮುದುಕಿ, ಸೊಟ್ಟ ಬಾಯಿಯಲ್ಲೇ. "ಅವರ ಮನಿ ತ್ರಾಸ ನನಗ್ಯಾಕ?"

ಹಾಗಾದರೆ ಆಡಿನ ಕತೆ ಎಂದುಕೊಂಡೆ. ಹೊಳೆಯ ದಂಡೆಯಲ್ಲಿ ದೋಣಿ ನಡೆಸುವವನ ಮಗಳು, ಮಹಾಪೂರದಲ್ಲಿ ತೇಲಿಹೋದ ತನ್ನ ಆಡನ್ನು ಹುಡುಕುತ್ತಾ ಹೊಳೆಯ ಗುಂಟ ಊರೂರು ನಡೆಯುವ ಕತೆ. ಎರಡು ಭಾಗದ ಪುಸ್ತಕ. ಟ್ರಂಕಿನಲ್ಲಿತ್ತು, ಸೋಲಾಪುರಕ್ಕೆ ಹೋದ ಕೂಡಲೇ ಕಳಿಸುತ್ತೇನೆ ಎಂದೆ.

ಹೊರಡುವಾಗ ಅಂಗಳದವರೆಗೂ ಬರಲು ಅವಳಿಗೆ ಬಿಡುವಾಗಲಿಲ್ಲ. ಕೋಣೆಯಲ್ಲೇ ಅವಳ ಕೈ ಹಿಡಿದು ಮೆಲ್ಲಗೆ, "ಇವರು ಹೋದ ಮ್ಯಾಲ ಸೋಲಾಪುರಕ್ಕ ಬಂದಬಿಡ್ರಿ. ಆ ವಾಚನಾಲಯ ಇನ್ನೂ ಅದ, ನಾ ಕೇಳ್ತೀನಿ," ಎಂದೆ.

ಅಕ್ಕ ತಲೆ ಅಲ್ಲಾಡಿಸಿದಳು. "ಇವರು ಯಾವಾಗ ಹೋಗ್ತಾರ ಅಂತ ದಾರಿ ಕಾಯೂ ಪಾಪ ನನಗ ಬ್ಯಾಡ. ಒಂದು ದಾರಿ ಕಾದು ಕಾದು ಮೊದಲs ಸಾಕಾಗೇದ."

ಎಸ್ಟಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಪುಸ್ತಕ ಕಳಿಸತೊಡಗಿದೆ. ಮಂಗಳವೇಢೆಯ ನೆಂಟರು ಇಳಿಸಿಕೊಂಡು ಹಳ್ಳಿಗೆ ಮುಟ್ಟಿಸುತ್ತಿದ್ದರು. ಆಡಿನ ಕತೆಯ ಮೊದಲ ಭಾಗ ಹೋಯಿತು. ಮಳೆಗಾಲ ಬಂತು, ನನ್ನ ಪರೀಕ್ಷೆ ಬಂತು, ಎರಡನೆಯ ಭಾಗ ಕಟ್ಟಿಟ್ಟಿದ್ದೆ. ಅದನ್ನು ಕೊಡಲು ಬಸ್‌ಸ್ಟ್ಯಾಂಡಿಗೆ ಹೋದ ದಿನ ಅದೇ ಬಸ್ಸಿನಿಂದ ನೆಂಟರೇ ಇಳಿದರು.

"ಇನ್ಯಾರಿಗೆ ಕೊಡ್ತಿಯವಾ," ಎಂದರು. "ಆಕಿ ಹೋಗಿ ಎಂಟ ದಿವಸ ಆತು."

ಕಾಮಾಲೆಯಾಗಿತ್ತಂತೆ. ಯಾರೋ ಬೇರು ಅರೆದು ಕೊಟ್ಟರಂತೆ. ಕಣ್ಣು ಹಳದಿಯಾದರೂ, ಮುದುಕಿಯನ್ನು ಬಿಟ್ಟು ದವಾಖಾನೆಗೆ ಹೋಗಿ ಮಲಗುವವರು ಯಾರು ಎಂದು ಇವತ್ತು ನಾಳೆ ಮಾಡಿದರಂತೆ. ಕೊನೆಗೆ ಸೋಲಾಪುರಕ್ಕೆ ಕರೆತರುವಾಗ ದಾರಿಯಲ್ಲೇ...

ನಾನು ಅದೇ ಬಸ್ಸು ಹತ್ತಿದೆ. ಕೈಯಲ್ಲಿ ಪುಸ್ತಕ ಹಾಗೆಯೇ ಇತ್ತು. ಹೋಗಿ ಏನು ಮಾಡಬೇಕೆಂದು ತಿಳಿದಿರಲಿಲ್ಲ. ದಾರಿಯುದ್ದಕ್ಕೂ ಆ ಮನೆಯವರಿಗೆ ಅನ್ನಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಎಲ್ಲವೂ ಬೈಗುಳವೇ. ಅವಳನ್ನು ತವರು, ಗಂಡನ ಮನೆ ಎರಡೂ ಸೇರಿ ಕೊಂದವು ಎನ್ನಬೇಕು, ಗಂಡನ ಮುಖ ನೋಡಿಯೇ ಅನ್ನಬೇಕು ಎಂದುಕೊಂಡೆ.

ಒಳಕೋಣೆಯಲ್ಲಿ ಮುದುಕಿ ಒಬ್ಬಳೇ ಇದ್ದಳು. ನೆಟ್ಟಗಿದ್ದ ಕೈ ಹೊರಸಿನ ಅಂಚನ್ನು ಹಿಡಿದಿತ್ತು. ನನ್ನ ಗುರುತು ಹಿಡಿದಳು. ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಹರಿಯಿತು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು.

"ಆ ಆಡು ಸಿಕ್ಕಿತೇನ?"

ನನಗೆ ಕೂಡಲೇ ತಿಳಿಯಲಿಲ್ಲ. ತಿಳಿದಾಗ ಕೆಳಗೆ ಕುಳಿತೆ. ಅಕ್ಕ ಕುಳಿತು ಕುಳಿತು ನುಣುಪಾದ ಅದೇ ಜಾಗ. ಎದ್ದು ಹೋಗಿಬಿಡಬೇಕೆನಿಸಿತು. ಈ ಮುದುಕಿಗೆ ಆಡು ಸಿಗದೇ ಇರಲಿ, ಸಾಯುವವರೆಗೂ ಸಿಗದೇ ಇರಲಿ ಎನಿಸಿತು. ಹೊರಸಿನ ಮೇಲಿಂದ ಅದೇ ಪ್ರಶ್ನೆ ಮತ್ತೆ ಬಂತು, ಈ ಸಲ ಇನ್ನೂ ಸಣ್ಣ ದನಿಯಲ್ಲಿ. ನಾನು ಪುಸ್ತಕದ ಕಟ್ಟು ಬಿಚ್ಚಿದೆ.

ಓದಿದೆ. ಮೊದಲ ಪುಟಗಳಲ್ಲಿ ಅಕ್ಷರಗಳು ಕಲಸಿಹೋಗುತ್ತಿದ್ದವು. ಆಮೇಲೆ ಸರಿಹೋಯಿತು. ದೋಣಿಯವನ ಮಗಳು ಹೊಳೆಯ ಕೆಳಗಿನ ಒಂದು ಊರಿನಲ್ಲಿ ತನ್ನ ಆಡನ್ನು ಕಂಡಳು. ಅದು ಇನ್ನೊಬ್ಬರ ಹಟ್ಟಿಯಲ್ಲಿ ಮರಿ ಹಾಕಿಕೊಂಡು ನಿಂತಿತ್ತು. ಹುಡುಗಿ ಕೂಗಿದರೆ ಒಮ್ಮೆ ಕಿವಿ ನಿಮಿರಿಸಿತು, ಮತ್ತೆ ಮರಿಯನ್ನು ನೆಕ್ಕತೊಡಗಿತು. ಹುಡುಗಿ ಅದರ ಕೊರಳಿನ ಗಂಟೆಯನ್ನೂ ಬಿಚ್ಚಿಕೊಳ್ಳದೆ ತಿರುಗಿ ಮನೆಯ ದಾರಿ ಹಿಡಿದಳು.

ಮುಗಿದಾಗ ಬಿಸಿಲು ಇಳಿದಿತ್ತು. 

"ಸಿಕ್ತಲ್ಲ, ಸಾಕು," ಎಂದಳು ಮುದುಕಿ. ಆಮೇಲೆ, "ಆಕಿ ಹಿಂಗ ಓದ್ತಿರಲಿಲ್ಲ. ನೀ ಬಾಳ ಲಗೂ ಓದ್ತಿ," ಎಂದಳು.

ಹೊರಗೆ ಬಂದರೆ ಅಕ್ಕನ ಗಂಡ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದ. ನನ್ನನ್ನು ನೋಡಿ ಎದ್ದು ನಿಂತ. "ಆಕಿ ಓದೂವಾಗ ನಾ ದಿನಾ ಇಲ್ಲೇ ಕೂತು ಕೇಳ್ತಿದ್ದೆ," ಎಂದ. ಜೋಡಿಸಿಕೊಂಡು ಬಂದ ಮಾತುಗಳೆಲ್ಲ ನನ್ನ ಬಾಯಿಯಲ್ಲಿ ಇದ್ದವು. ಒಂದನ್ನೂ ಆಡಲಿಲ್ಲ. ಗೋಡೆಯ ಆ ಕಡೆ ಕುಳಿತು ಇಷ್ಟು ವರ್ಷ ಕತೆ ಕೇಳಿದ ಮನುಷ್ಯನಿಗೆ ಏನು ಹೇಳುವುದು... ಪುಸ್ತಕವನ್ನು ಅಲ್ಲೇ ಬಿಟ್ಟು ಬಂದೆ.

ಇದೆಲ್ಲ ಆಗಿ ಎಷ್ಟೋ ಕಾಲವಾಯಿತು. ಅವ್ವ ಇಲ್ಲ, ಅಕ್ಕನ ಅಣ್ಣನೂ ಇಲ್ಲ. ವಾಡೆ ಇದ್ದ ಜಾಗದಲ್ಲಿ ಈಗ ಯಾತ್ರಿಕರಿಗೆ ಬಾಡಿಗೆಗೆ ಕೊಡುವ ಕೋಣೆಗಳ ಕಟ್ಟಡ ಎದ್ದಿದೆ. ಅಕ್ಕ ಹೋದಾಗ ಎಷ್ಟು ವಯಸ್ಸಾಗಿತ್ತೋ, ಅದನ್ನು ದಾಟಿ ನಾನು ಬಹಳ ದೂರ ಬಂದಿದ್ದೇನೆ.

ತಮ್ಮನ ಮಗಳಿಗೆ ಪುಸ್ತಕದ ಹೆಸರು ಯಾವುದನ್ನೂ ಹೇಳಲಿಲ್ಲ. ರವಿವಾರ ಹುಡುಗಿಯನ್ನೇ ಕಳಿಸು ಎಂದೆ. ಬಂದಳು. ಎರಡು ಜಡೆ, ಕೈಯಲ್ಲಿ ಒಂದು ಇಂಗ್ಲಿಷ್ ಪುಸ್ತಕ. ನನ್ನ ಕಪಾಟಿನ ಮುಂದೆ ನಿಂತು ಕನ್ನಡ ಪುಸ್ತಕಗಳ ಬೆನ್ನಿನ ಮೇಲೆ ಬೆರಳಾಡಿಸಿದಳು. ಅವಳಿಗೆ ಅದು ಬರೀ ಗುಂಡು ಗುಂಡು ಗೆರೆ. ನಾನು ಅವಳನ್ನು ಎದುರು ಕೂರಿಸಿಕೊಂಡೆ. ಊರ ನಡುವೆ ಮಲಗಿದ ಆನೆಯ ಕತೆಯನ್ನು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದೆ. ನಿಧಾನವಾಗಿಯೇ ಹೇಳಿದೆ.

ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು. ಮುಗಿದ ಮೇಲೆ ತಮ್ಮ ಮನೆಯ ಮರಾಠಿಗನ್ನಡದಲ್ಲಿ ಕೇಳಿದಳು.

"ಆಜೀ, ಈ ಗೋಷ್ಟ ನಿನಗ ಯಾರು ಹೇಳಿದ್ರು?"

"ಒಬ್ಬಾಕಿ ಅಕ್ಕ."

"ಆಕಿ ಹೆಸರೇನು?"

ಅಕ್ಕನಿಗೆ ತೊಟ್ಟಿಲಲ್ಲಿ ಇಟ್ಟ ಹೆಸರೊಂದಿತ್ತು. ವಿಜಯಪುರದ ಸೋದರಮಾವನ ಮನೆಯಲ್ಲಿ ಎಲ್ಲರೂ ಅದರಿಂದಲೇ ಕರೆಯುತ್ತಿದ್ದರು ಎಂದು ಒಮ್ಮೆ ಹೇಳಿದ್ದಳು, ಹೆಸರು ಮಾತ್ರ ಹೇಳಿರಲಿಲ್ಲ. ಮದುವೆಯ ದಿನ ಗಂಡ ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಬೇರೊಂದು ಹೆಸರು ಬರೆದ. ತವರಿಗೆ ಬಂದು ಬಿದ್ದ ಮೇಲೂ ಅಣ್ಣ ಆ ಹೆಸರನ್ನೇ ಕೂಗುತ್ತಿದ್ದ, ಅಲ್ಲಿನ ನಂಟು ಕಡಿಯಬಾರದೆಂದು. ಅಲ್ಲಿ ಹೋದರೆ ಅವರು ಅದನ್ನೂ ಮರೆತು ಅಕ್ಕಲಕೋಟದಾಕಿ ಎನ್ನುತ್ತಿದ್ದರು. ನನಗಂತೂ ಅವಳು ಅಕ್ಕ, ಅಷ್ಟೇ.

ಹುಡುಗಿ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದಳು. ಯಾವ ಹೆಸರಿನಿಂದ ಕರೆದರೆ ಅಕ್ಕ ನಿಜವಾಗಿ ತಿರುಗಿ ನೋಡುತ್ತಿದ್ದಳೋ, ಅದೊಂದನ್ನು ನಾನು ಕೇಳಿಟ್ಟುಕೊಂಡಿರಲಿಲ್ಲ.